ನೀರು ಹೆಚ್ಚಿತು

ಭಾರ್ಗವಿ ಬರೆದ ಒಂದೇ ಒಂದು ವಾಕ್ಯಕ್ಕೆ ಮುನಿಶಾಮಮ್ಮ ಜೂನ್ ಒಂದನೇ ತಾರೀಖು ತನ್ನ ಕೋಣೆ ಖಾಲಿ ಮಾಡಬೇಕೆಂದಾಯಿತು. "ಕಾವಲಿನ ಹೆಂಗಸಿನ ಅಜಾಗರೂಕತೆಯಿಂದ ತೊಟ್ಟಿ ತುಂಬಿ ನೀರು ಹೊರಚೆಲ್ಲಿ, ಮೋಟರು ಸುಮ್ಮನೆ ಓಡಿ ವಿದ್ಯುತ್ತು ಪೋಲಾಗಿದೆ" ಎನ್ನುವುದು ಆ ವಾಕ್ಯ. ಬರೆದದ್ದು ಇಂಗ್ಲಿಷಿನಲ್ಲಿ, ಹಾಗಾಗಿ ಓದಿದವರಿಗೆಲ್ಲ ಅದು ವೇದವಾಕ್ಯದಂತೆ ಕಂಡಿತು. ಭಾರ್ಗವಿ ಸುಳ್ಳು ಬರೆಯುವವಳಲ್ಲ. ಗೊಂದಲದಲ್ಲಿ ಬರೆಯುವವಳು. ಸುಳ್ಳುಗಾರರಿಗಾದರೂ ತಾವು ಬರೆದದ್ದು ಸುಳ್ಳೆಂದು ಗೊತ್ತಿರುತ್ತದೆ, ಇಂಥವರಿಗೆ ಅದೂ ಗೊತ್ತಿರುವುದಿಲ್ಲ.

ಗೊಂದಲ ಅವಳಿಗೆ ಹುಟ್ಟಿನಿಂದಲೇ ಗಂಟುಬಿದ್ದದ್ದು. ಸೇಲಂನ ಅಗ್ರಹಾರದ ಮನೆ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಕಾಲೇಜಿಗೆ ಹೋದ ಮೇಲೆ ಇಂಗ್ಲಿಷು. ತಂದೆ ಬದರೀನಾಥರು ಉಕ್ಕಿನ ಕಾರ್ಖಾನೆಯ ಆಫೀಸಿನಲ್ಲಿದ್ದವರು. ಊರಿನ ಹಿರಿಯರಿಗೆ ಕಾಗದ ಬರೆಯುವಾಗ ಗಟ್ಟಿಯಾಗಿ ಹೇಳಿಕೊಂಡೇ ಬರೆಯುತ್ತಿದ್ದರು. ಒಂದು ದಿನ ಅವರು "ಪೂಜ್ಯ ತೀರ್ಥರೂಪರಿಗೆ" ಎಂದು ಶುರುಮಾಡಿದ್ದೇ ಏಳು ವರ್ಷದ ಭಾರ್ಗವಿ ಅಳತೊಡಗಿದಳು. ತಮಿಳಿನಲ್ಲಿ ಸೊನ್ನೆಗೆ ಪೂಜ್ಯಂ ಎನ್ನುತ್ತಾರೆ. ಹಿಂದಿನ ದಿನವಷ್ಟೇ ಟೀಚರು ಅವಳ ಲೆಕ್ಕದ ಪುಸ್ತಕದಲ್ಲಿ ದಪ್ಪಗೆ ಒಂದು ಪೂಜ್ಯಂ ಬರೆದು ಕಳಿಸಿದ್ದರು. "ತಾತನಿಗೂ ಪೂಜ್ಯಂ ಬಂತಾ ಅಪ್ಪಾ?" ಎಂದು ಅವಳು ಕೇಳಿದ್ದನ್ನು ಬಂಧುಬಳಗದವರು ಇವತ್ತಿಗೂ ಮದುವೆ ಮುಂಜಿಗಳಲ್ಲಿ ಹೇಳಿಕೊಂಡು ನಗುತ್ತಾರೆ.

ದೊಡ್ಡವಳಾದ ಮೇಲೆ ಆ ಸೊನ್ನೆಯೇ ಅವಳಿಗೆ ಅನ್ನ ಹಾಕಿತು. ಸಿವಿಲ್ ಇಂಜಿನಿಯರಿಂಗ್ ಓದಿ, ಐದು ರೋಡು ಎಂಬ ವೃತ್ತದ ಹತ್ತಿರ ಒಂದು ಸಣ್ಣ ಆಫೀಸು ಸೇರಿ, ಮೂವತ್ತಮೂರನೇ ವಯಸ್ಸಿಗೆ ಅವಳು ಮಾಡುತ್ತಿದ್ದ ಕೆಲಸವೆಂದರೆ ಸೊನ್ನೆ ಕಟ್ಟಡಗಳನ್ನು ಯೋಜಿಸುವುದು, ಅವುಗಳಿಗೆ ಸರ್ಟಿಫಿಕೇಟು ಕೊಡಿಸುವುದು. ಕಟ್ಟಡವು ವರ್ಷವಿಡೀ ತಾನು ಉರಿಸಿದಷ್ಟು ವಿದ್ಯುತ್ತನ್ನು ತನ್ನ ತಾರಸಿಯ ಮೇಲೆಯೇ ಬಿಸಿಲಿನಿಂದ ಹುಟ್ಟಿಸಬೇಕು. ಹಗಲು ಮಿಕ್ಕಿದ್ದನ್ನು ಕರೆಂಟಿನ ಲೈನಿಗೆ ಕೊಡುವುದು, ಕತ್ತಲಾದ ಮೇಲೆ ಬೇಕಾದ್ದನ್ನು ಲೈನಿನಿಂದ ತರುವುದು. ಹನ್ನೆರಡು ತಿಂಗಳ ಕೊನೆಗೆ ಕೊಟ್ಟದ್ದು ತಂದದ್ದು ಸರಿಹೋಗಿ ಸೊನ್ನೆ ಬಂದರೆ ಪಾಸು. ಕಾಗದದ ಮೇಲಿನ ಜಾಣತನವನ್ನು ಯಾರೂ ಕೇಳುವುದಿಲ್ಲ, ಮೀಟರು ಹೇಳಬೇಕು. ಅವಳ ತಾಯಿ ಶಾಂತಾಬಾಯಿಗೆ ಇದು ಎಷ್ಟು ಹೇಳಿದರೂ ಅರ್ಥವಾಗಲಿಲ್ಲ. "ಸೊನ್ನೆ ಬರಲಿ ಅಂತ ಯಾರಾದ್ರೂ ಹರಕೆ ಹೊತ್ತುಕೋತಾರೇನೇ?" ಎನ್ನುತ್ತಿದ್ದರು.

ಸೇಲಂ ಹತ್ತಿರದ ಮೇಚೇರಿಯ ಕಟ್ಟಡ ಭಾರ್ಗವಿಯ ಸ್ವಂತ ಹೆಸರಿನಲ್ಲಿ ಬಂದ ಮೊದಲನೆಯದು. ಅಲ್ಲಿನ ಕನ್ನಡ ಮಾತಿನ ಕುರಿ ಸಾಕುವವರ ಸಂಘದವರು ತಮ್ಮ ಜನಕ್ಕೆ ತರಬೇತಿ ಕೊಡಲು ಒಂದು ಹಾಲ್, ಎಂಟು ಕೋಣೆ, ಒಂದು ಅಡುಗೆಮನೆ ಕಟ್ಟಿಸಿದರು. ಸಂಘದ ಅಧ್ಯಕ್ಷ ಮಲ್ಲಪ್ಪನಿಗೆ ಮುಂಭಾಗಕ್ಕೆಲ್ಲ ಗಾಜು ಹಾಕಿಸುವ ಆಸೆ. ಭಾರ್ಗವಿ ಎರಡು ತಿಂಗಳು ಜಗಳವಾಡಿ ಗಾಜು ತಪ್ಪಿಸಿ, ದಪ್ಪ ಗೋಡೆ, ಅಗಲವಾದ ಜಗಲಿ, ಗಾಳಿ ಅಡ್ಡಾಡುವ ಹಾಗೆ ಎದುರುಬದುರು ಕಿಟಕಿ, ತಾರಸಿಗೆ ಬಿಳಿ ಹೆಂಚು ಹಾಕಿಸಿದಳು. ಮೇ ತಿಂಗಳ ಮೇಚೇರಿಯಲ್ಲಿ ಏಸಿ ಇಲ್ಲದೆ ಕೂತು ಪಾಠ ಕೇಳಬಹುದು ಎಂದು ಗೊತ್ತಾದ ದಿನ ಮಲ್ಲಪ್ಪ, "ಪರವಾಯಿಲ್ಲಮ್ಮಾ, ಪೇಟೇವಳಾದ್ರೂ ನಿಂಗೆ ಬುದ್ಧಿ ಐತೆ" ಎಂದ. ಭಾರ್ಗವಿ ಅದನ್ನು ಪದವಿಪತ್ರದ ಹಾಗೆ ಮನಸ್ಸಿನಲ್ಲಿಟ್ಟುಕೊಂಡಳು.

ಆ ಕಟ್ಟಡಕ್ಕೆ ಕಾವಲಾಗಿ ಬಂದವಳೇ ಮುನಿಶಾಮಮ್ಮ. ಐವತ್ತೆಂಟು ವಯಸ್ಸು. ಗಂಡ ತೀರಿದ ಮೇಲೆ ಇಪ್ಪತ್ತೆರಡು ವರ್ಷ ತಮ್ಮನ ಮನೆಯ ನಡುಮನೆಯಲ್ಲಿ, ಹೋಗುವ ಬರುವವರ ಕಾಲ ಬಳಿ ಚಾಪೆ ಹಾಸಿ ಮಲಗಿದವಳು. ಇಲ್ಲಿ ಅವಳಿಗೆ ಗೇಟಿನ ಪಕ್ಕ ಹತ್ತಡಿಗೆ ಎಂಟಡಿಯ ಒಂದು ಕೋಣೆ ಸಿಕ್ಕಿತು, ಒಳಗಿನಿಂದ ಹಾಕಿಕೊಳ್ಳುವ ಚಿಲಕ ಸಮೇತ. ಮೊದಲ ವಾರ ಅವಳು ಹಗಲು ಹೊತ್ತಿನಲ್ಲೂ ಒಳಗೆ ಹೋಗಿ ಚಿಲಕ ಹಾಕಿಕೊಂಡು ಸುಮ್ಮನೆ ಕೂರುತ್ತಿದ್ದಳಂತೆ.

ದಿನಾ ಮೂರು ಮೀಟರುಗಳ ಅಂಕಿಗಳನ್ನು ರಿಜಿಸ್ಟರಿಗೆ ಬರೆಯುವುದು ಅವಳ ಕೆಲಸಗಳಲ್ಲೊಂದು. ಅಂಕಿಯಲ್ಲಿ ಅವಳದು ಒಂದೂ ತಪ್ಪಿಲ್ಲ. ಕೊನೆಯಲ್ಲಿ "ವಿಶೇಷ" ಎಂಬ ಒಂದು ಅಂಕಣವಿತ್ತು, ತಂಟೆ ಶುರುವಾದದ್ದು ಅಲ್ಲಿ. ಮುನಿಶಾಮಮ್ಮನ ಮಾತು ಕನ್ನಡ, ಆದರೆ ಅವಳು ದೊಡ್ಡವಳಾದ ಮೇಲೆ ಕಲಿತ ಅಕ್ಷರ ತಮಿಳಿನದು. ಹಾಗಾಗಿ ಕನ್ನಡವನ್ನು ತಮಿಳು ಅಕ್ಷರದಲ್ಲಿ, ಅದೂ ತಾನು ಆಡುವ ಹಾಗೆಯೇ 'ಹ' ನುಂಗಿ ಬರೆಯುತ್ತಿದ್ದಳು. ವಾರಕ್ಕೆ ಮೂರು ನಾಲ್ಕು ಸಲ ಆ ಅಂಕಣದಲ್ಲಿ ಒಂದೇ ಮಾತು: "ನೀರು ಎಚ್ಚಿತು."

ಇತ್ತ ಸೇಲಂನಲ್ಲಿ ಭಾರ್ಗವಿಗೆ ತಲೆ ಕೆಟ್ಟುಹೋಗಿತ್ತು. ಬಿಸಿಲಿಗೆ ಬರವಿಲ್ಲ, ತಾರಸಿ ತನ್ನ ಪಾಲಿನ ಕೆಲಸ ಮಾಡುತ್ತಿದೆ, ದೀಪ ಫ್ಯಾನುಗಳೆಲ್ಲ ಲೆಕ್ಕದಲ್ಲೇ ಇವೆ. ಆದರೂ ತಿಂಗಳು ತಿಂಗಳು ಖರ್ಚಾಗುವ ಯೂನಿಟ್ಟು ಮೇಲೇರುತ್ತಿದೆ. ಎಲ್ಲಿಗೆ ಹೋಗುತ್ತಿದೆ? ಅವಳು ಎಣಿಸಿದಳು, ಮತ್ತೆ ಎಣಿಸಿದಳು, ಪ್ರತಿ ಸಲವೂ ಬೇರೆ ಕಾರಣ ಸಿಕ್ಕಿತು. ಕೊನೆಗೆ ಮೋಟರಿನ ಲೈನಿಗೆ ಬೇರೆ ಮೀಟರು ಹಾಕಿಸಿದಾಗ ಕಳ್ಳ ಸಿಕ್ಕಿದ. ದಿನಕ್ಕೆ ಒಂದು ಗಂಟೆ ಓಡಬೇಕಾದ ಬೋರ್‌ವೆಲ್ ಮೋಟರು ಮೂರು ಗಂಟೆ ಓಡುತ್ತಿತ್ತು. ಯಾಕೆ?

ರಿಜಿಸ್ಟರನ್ನು ಮೊದಲು ಓದಿದವನು ಆಫೀಸಿನ ಧನಶೇಖರ್. ತಮಿಳಿನವನು, ಕನ್ನಡದ ಗಾಳಿಯೂ ಸೋಕದವನು. ತಮಿಳಿನಲ್ಲಿ ಎಚ್ಚಿಲ್ ಎಂದರೆ ಎಂಜಲು. ನೀರು ಎಂಜಲಾಗಿದೆ ಎಂದು ಕಾವಲಿನವಳು ದೂರು ಬರೆದಿದ್ದಾಳೆ, ಅದಕ್ಕೇ ಚೆಲ್ಲಿ ಚೆಲ್ಲಿ ಮತ್ತೆ ತುಂಬಿಸುತ್ತಿದ್ದಾರೆ ಎಂದು ಅವನು ತೀರ್ಮಾನಿಸಿ, ಒಂದು ಬಾಟಲಿ ನೀರು ತರಿಸಿ ಲ್ಯಾಬಿಗೆ ಕಳಿಸಿಯೂ ಬಿಟ್ಟ. ನೀರು ಚೊಕ್ಕವಾಗಿದೆ ಎಂದು ವರದಿ ಬಂತು. ಆಗ ಭಾರ್ಗವಿ ಬಿದ್ದು ಬಿದ್ದು ನಕ್ಕಳು. "ಅದು ಎಚ್ಚಿಲ್ ಅಲ್ಲ ಧನಶೇಖರ್, ನಮ್ಮ ಕನ್ನಡದ ಹೆಚ್ಚು. ನೀರು ಹೆಚ್ಚಾಯ್ತು, ತೊಟ್ಟಿ ತುಂಬಿ ಹೊರಗೆ ಹೋಯ್ತು ಅಂತ!" ಆಫೀಸಿಗೆಲ್ಲ ಕನ್ನಡ ಬಲ್ಲವಳು ತಾನೊಬ್ಬಳೇ ಎಂಬ ಹೆಮ್ಮೆ ಅವತ್ತು ಅವಳ ಮುಖದ ಮೇಲೆ ಕುಣಿಯುತ್ತಿತ್ತು. ಅಲ್ಪ ವಿದ್ಯೆ ಮಹಾ ಗರ್ವ ಎಂದು ಸುಮ್ಮನೆ ಹೇಳಿಲ್ಲ.

ಖಾತ್ರಿ ಮಾಡಿಕೊಳ್ಳಲು ಫೋನು ಕೂಡ ಮಾಡಿದಳು.

"ಮುನಿಶಾಮಮ್ಮ, ನೀರು ಹೆಚ್ಚಾಗ್ತಿರೋದು ನಿಜಾನಾ?"

"ದಿಟ ಕಣವ್ವ. ದಿನ ಬಿಟ್ಟು ದಿನ ಎಚ್ಚೋಯ್ತದೆ."

"ಎಷ್ಟು ಹೆಚ್ಚು?"

"ಎಷ್ಟು ಅಂದ್ರೇನವ್ವ, ಪೂರಾ ಎಚ್ಚೋಯ್ತದೆ. ಬಂದ ಜನ ಬೈತಾರೆ."

"ಬೈಯದೆ ಇನ್ನೇನು ಮಾಡ್ತಾರೆ! ಸ್ವಲ್ಪ ನೋಡ್ಕೋಬಾರ್ದಾ?"

"ನೋಡ್ಕೊಂತಾನೇ ಇವ್ನಿ. ನಾನೇನ್ ಮಾಡ್ಲಿ, ಸೊಲ್ಲು," ಎಂದಳು ಮುನಿಶಾಮಮ್ಮ, 'ಹೇಳು' ಎಂಬ ಕೊನೆಯ ಮಾತು ತಮಿಳಿಗೆ ಜಾರಿ.

ಇಷ್ಟಾದ ಮೇಲೆ ಯಾರಿಗೆ ಅನುಮಾನ ಉಳಿಯುತ್ತದೆ? ಭಾರ್ಗವಿ ತರಬೇತಿ ಇಲ್ಲದ ದಿನ ನೋಡಿ ಮೇಚೇರಿಗೆ ಹೋದಳು. ಏಣಿ ಹತ್ತಿ ನೋಡಿದರೆ ತೊಟ್ಟಿ ಕಂಠಮಟ್ಟ ತುಂಬಿತ್ತು. ಕಟ್ಟಡದ ಹಿಂದೆ, ಸುತ್ತಲೂ ಒಣಗಿ ಬೂದಿಯಾದ ನೆಲದ ನಡುವೆ, ಒಂದು ಪಟ್ಟಿಯಷ್ಟು ಹಸಿರು ಹುಲ್ಲು ಬೆಳೆದು ಯಾರದೋ ಎರಡು ಮೇಕೆ ನೆಮ್ಮದಿಯಾಗಿ ಮೇಯುತ್ತಿದ್ದವು. ಹೊರಚೆಲ್ಲಿದ ನೀರಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಅವಳು ಮೋಟರಿಗೆ ಒಂದು ಟೈಮರು ಹಾಕಿಸಿ, ದಿನಕ್ಕೆ ಒಂದೇ ಗಂಟೆ ಎಂದು ಬಿಗಿಮಾಡಿ ಬಂದಳು. ಮುಂದಿನ ತಿಂಗಳು ಯೂನಿಟ್ಟು ಇಳಿಯುವುದಿರಲಿ, ಇನ್ನೂ ಏರಿತು. ಮುನಿಶಾಮಮ್ಮ ಟೈಮರು ತಪ್ಪಿಸಿ ಕೈಯಿಂದಲೇ ಮೋಟರು ಹಾಕುತ್ತಿದ್ದಾಳೆ ಎಂದು ಮೀಟರು ಹೇಳಿತು. ಅಷ್ಟು ಹೇಳಿದ ಮೇಲೂ! ಭಾರ್ಗವಿಗೆ ಕೋಪ ಬಂತು, ಕೋಪದ ಕೆಳಗೆ ಏನೋ ಹೊಂದುತ್ತಿಲ್ಲ ಎಂಬ ಕಸಿವಿಸಿಯೂ ಇತ್ತು. ಕಸಿವಿಸಿಯನ್ನು ವರದಿಯಲ್ಲಿ ಬರೆಯಲು ಬರುವುದಿಲ್ಲ, ಕೋಪವನ್ನು ಬರೆಯಬಹುದು.

ವರ್ಷದ ಲೆಕ್ಕದಲ್ಲಿ ಕಟ್ಟಡ ಒಂಬೈನೂರು ಯೂನಿಟ್ಟು ಹಿಂದೆ ಬಿದ್ದಿತ್ತು. ಸರ್ಟಿಫಿಕೇಟು ಕೊಡುವ ಮಂಡಳಿಯವರು ಒಂದು ದಾರಿ ತೋರಿಸಿದರು. ನೋಡಿಕೊಳ್ಳುವವರ ತಪ್ಪಿನಿಂದ ಪೋಲಾದ ವಿದ್ಯುತ್ತಾದರೆ, ಆ ತಪ್ಪನ್ನು ಬರಹದಲ್ಲಿ ತೋರಿಸಿ ಸರಿಪಡಿಸಿದರೆ, ಅಷ್ಟನ್ನು ಲೆಕ್ಕದಿಂದ ಬಿಡಬಹುದು. ಕಟ್ಟಡದ್ದೇ ದೋಷವಾದರೆ ಬಿಡುವಂತಿಲ್ಲ, ಹನ್ನೆರಡು ತಿಂಗಳು ಮತ್ತೆ ಮೊದಲಿನಿಂದ. ಭಾರ್ಗವಿ ಆ ವಾಕ್ಯ ಬರೆದದ್ದು ಆಗ. ಮಲ್ಲಪ್ಪ ಅದನ್ನು ಸಂಘದ ಸಭೆಯಲ್ಲಿಟ್ಟ. ಮುನಿಶಾಮಮ್ಮನನ್ನು ಬಿಡಿಸಿ, ಜೂನ್ ಒಂದರಿಂದ ಬೇರೆ ಆಳು ಇಡುವುದೆಂದು ತೀರ್ಮಾನವಾಯಿತು. ಅವಳು ತಪ್ಪೊಪ್ಪಿಕೊಂಡು ರುಜು ಹಾಕಿದ್ದಾಳೆ ಎಂದು ಫೋನಿನಲ್ಲಿ ಕೇಳಿದಾಗ ಭಾರ್ಗವಿಗೆ ಸಮಾಧಾನವೂ ಆಯಿತು, ಸಂಕಟವೂ ಆಯಿತು, ಯಾವುದು ಎಷ್ಟು ಎಂದು ಅವಳಿಗೇ ತಿಳಿಯಲಿಲ್ಲ.

ಮೇ ಇಪ್ಪತ್ತೆಂಟಕ್ಕೆ ಮಂಡಳಿಯ ಪರೀಕ್ಷಕ ರಾಜಗೋಪಾಲ್ ಚೆನ್ನೈಯಿಂದ ಬಂದು ಕಟ್ಟಡ ನೋಡುವುದಿತ್ತು. ಇಪ್ಪತ್ತಾರರ ಬೆಳಿಗ್ಗೆ ಭಾರ್ಗವಿ ಆಫೀಸಿಗೆ ಹೊರಟಿದ್ದಳು. ಯಾವಾಗಲೂ ಅಂಗಡಿಗೆ ತಾವೇ ಹೋಗುವ ಶಾಂತಾಬಾಯಿಗೆ ಆವತ್ತು ಮಂಡಿನೋವು. ಅಡುಗೆಮನೆಯಿಂದಲೇ ಕೂಗಿದರು.

"ಭಾರ್ಗವೀ, ಅಕ್ಕಿ ಹೆಚ್ಚಿದೆ ಕಣೇ. ಬರ್ತಾ ಹತ್ತು ಕೇಜಿ ತೊಗೊಂಬಾ."

ಭಾರ್ಗವಿ ಚಪ್ಪಲಿ ಹಾಕಿಕೊಳ್ಳುತ್ತ, "ಹೆಚ್ಚಿದ್ರೆ ಮತ್ಯಾಕೆ ತರೋದು?" ಎಂದಳು.

"ಒಂದು ಕಾಳೂ ಉಳಿದಿಲ್ಲ ಅಂತ ಬಾಯಿಬಿಟ್ಟು ಹೇಳಬೇಕೇನೇ ನಿಂಗೆ? ನೋಡು, ಬೆಳಿಗ್ಗೆ ಬೆಳಿಗ್ಗೆ ಅನ್ನಿಸಿಬಿಟ್ಟೆ!" ಶಾಂತಾಬಾಯಿ ಕೆನ್ನೆ ಕೆನ್ನೆ ಬಡಿದುಕೊಂಡರು. "ಮನೇಲಿ ಅಕ್ಕಿ ಇಲ್ಲ, ಎಣ್ಣೆ ಇಲ್ಲ ಅಂತ ಅನ್ನಬಾರದು. ಹೆಚ್ಚಿದೆ ಅನ್ನಬೇಕು. ಬಳೆ ಒಡೀತು ಅನ್ನಲ್ಲ, ಹೆಚ್ಚಿತು ಅಂತೀವಿ. ಮೂವತ್ತು ವರ್ಷದಿಂದ ಕೇಳ್ತಾ ಇದೀಯ, ಎಲ್ಲಿತ್ತೋ ಕಿವಿ."

ಭಾರ್ಗವಿ ಒಂದು ಕಾಲಿಗೆ ಚಪ್ಪಲಿ ಹಾಕಿ, ಇನ್ನೊಂದು ಬರಿಗಾಲಿನಲ್ಲಿ ನಿಂತೇ ಇದ್ದಳು.

"ನೀರು ಹೆಚ್ಚಿತು ಅಂದ್ರೆ?" ಎಂದು ಕೇಳಿದಳು.

"ಮುಗೀತು ಅಂತ. ತೊಟ್ಟು ನೀರಿಲ್ಲ ಅಂತ. ಯಾಕೇ, ಮುಖ ಹಾಗಾಯ್ತು?"

ಅವಳು ಆಫೀಸಿಗೆ ಹೋಗಲಿಲ್ಲ. ಮೇಚೇರಿಯ ಬಸ್ಸು ಹತ್ತಿದಳು. ಅವತ್ತು ಸಂತೆ, ಬಸ್ಸಿನ ತುಂಬ ಜನ, ಸೀಟಿನ ಕೆಳಗೆ ಕಾಲು ಕಟ್ಟಿದ ಮೇಕೆಮರಿ. ಓಮಲೂರು ದಾಟುವವರೆಗೂ ಅವಳ ತಲೆಯಲ್ಲಿ ಒಂದು ವರ್ಷ ಹಿಂದುಮುಂದಾಗಿ ಓಡುತ್ತಿತ್ತು. ನೀರಿಲ್ಲದ ತೊಟ್ಟಿಗೆ ತಾನು ಟೈಮರು ಹಾಕಿ ನೀರು ಇನ್ನಷ್ಟು ಕಡಿಮೆ ಮಾಡಿದೆ. ತರಬೇತಿಗೆ ಬಂದು ಕುಡಿಯಲು ನೀರಿಲ್ಲದ ಮೂವತ್ತು ಜನರಿಗಾಗಿ ಮುನಿಶಾಮಮ್ಮ ಮೋಟರು ಹಾಕಿದಳು. ಅದನ್ನು ತಾನು ಅಜಾಗರೂಕತೆ ಎಂದು ಬರೆದೆ. ಹಾಗಾದರೆ ತುಂಬಿದ ತೊಟ್ಟಿಯನ್ನು ಕಣ್ಣಾರೆ ನೋಡಿದ್ದೇನು? ಯಾರೂ ಉಳಿದಿರದ ದಿನ ಹೋಗಿದ್ದೆ, ಬಳಸುವವರೇ ಇಲ್ಲದಿದ್ದರೆ ತೊಟ್ಟಿ ತುಂಬದೆ ಇನ್ನೇನಾಗುತ್ತದೆ? ಮತ್ತೆ ಆ ಹಸಿರು ಹುಲ್ಲು? ನೀರಿಲ್ಲದ ಜಾಗದಲ್ಲಿ ಹುಲ್ಲು ಹೇಗೆ?

ಮುನಿಶಾಮಮ್ಮ ಕೋಣೆಯಲ್ಲಿ ತಗಡಿನ ಟ್ರಂಕು ತೆರೆದು ಸೀರೆ ಮಡಚಿಡುತ್ತಿದ್ದಳು. ಭಾರ್ಗವಿಯನ್ನು ಕಂಡು ಎದ್ದು, "ಬಾ ಅಮ್ಮಣಿ. ಒಂದನೇ ತಾರೀಕು ಅಂದ್ರು, ಇನ್ನೂ ದಿನ ಐತಲ್ಲ?" ಎಂದಳು, ಗಡುವು ಮೀರಿದೆನೇನೋ ಎಂಬ ಭಯದಲ್ಲಿ.

"ತೊಟ್ಟಿ ತುಂಬಿ ಹೊರಗೆ ಹೋಗಿದ್ದೇ ಇಲ್ವಾ?" ಎಂದು ಭಾರ್ಗವಿ ನೇರವಾಗಿ ಕೇಳಿದಳು.

"ಅಯ್ಯೋ, ತುಂಬಿದ್ರೆ ತಾನೆ ಓಗಕ್ಕೆ! ಜನ ಇದ್ದಾಗ ಮೂರು ಗಂಟೆ ಮೋಟ್ರು ಆಕಿದ್ರೂ ಅರ್ಧ ಏರಾಕಿಲ್ಲ."

"ಮತ್ಯಾಕೆ ರುಜು ಹಾಕಿದ್ರಿ?"

"ಅಧ್ಯಕ್ಷರು ಓದಿ ಏಳಿದ್ರು, ನೀರು ಎಚ್ಚಾಗಕ್ಕೆ ಬಿಟ್ಟಿದ್ದೀಯ, ಒಪ್ಕೊಂತೀಯಾ ಅಂದ್ರು. ಎಚ್ಚಿದ್ದು ದಿಟ ತಾನೆ? ಕಾವಲಿಗಿದ್ದೋಳು ನಾನು. ನೀರು ಕೇಳಿದೋರ್ಗೆ ನೀರು ಕೊಡಕ್ಕಾಗ್ಲಿಲ್ಲ. ನಂದೇ ತಪ್ಪು ಅಂದ್ಕೊಂಡೆ."

ಭಾರ್ಗವಿಗೆ ನಾಚಿಕೆಯಾಯಿತು. ಇಂಥ ನಾಚಿಕೆ ಅವಳಿಗೆ ಹಿಂದೆಂದೂ ಆಗಿರಲಿಲ್ಲ.

ಮೋಟರು ಹಾಕಿಸಿ ಅವಳು ಹಿಂದಕ್ಕೆ ಹೋಗಿ ಹುಲ್ಲಿನ ಪಟ್ಟಿಯ ಮೇಲೆ ಮಂಡಿಯೂರಿದಳು. ನೆಲಕ್ಕೆ ಕಿವಿಯಿಟ್ಟರೆ ಒಳಗೆ ನೀರಿನ ಸದ್ದು. ಇಬ್ಬರು ಆಳುಗಳು ಎರಡಡಿ ಅಗೆಯುವಷ್ಟರಲ್ಲಿ ಒಡೆದ ಪೈಪು ಸಿಕ್ಕಿತು. ಬೋರ್‌ವೆಲ್‌ನಿಂದ ತೊಟ್ಟಿಗೆ ಹೋಗುವ ಆ ಪೈಪನ್ನು ಗೋಡೆಯ ಅಂಚಿಗೆ ಸುತ್ತಿಸದೆ, ಕುರಿ ತುಂಬಿದ ಲಾರಿಗಳು ತಿರುಗುವ ಜಾಗದ ಅಡಿಯಲ್ಲಿ ನೆಟ್ಟಗೆ ಎಳೆಸಿದವಳು ಭಾರ್ಗವಿಯೇ. ಪೈಪು ಹನ್ನೊಂದು ಮೀಟರು ಕಡಿಮೆಯಾದರೆ ಮೋಟರಿಗೆ ಅಷ್ಟು ಶ್ರಮ ಕಡಿಮೆ, ವಿದ್ಯುತ್ತು ಉಳಿತಾಯ. ಈ ಜಾಣತನಕ್ಕೆ ಆಫೀಸಿನಲ್ಲಿ ಅವಳಿಗೆ ಶಹಭಾಸ್ ಸಿಕ್ಕಿತ್ತು. ಉಳಿಸಲು ಹೋಗಿ ಕಳೆದದ್ದು ಹೀಗೆ.

ಮಲ್ಲಪ್ಪ ಸಂತೆಯಿಂದ ಬಂದು ಗುಂಡಿ ನೋಡಿದ, ಭಾರ್ಗವಿಯನ್ನು ನೋಡಿದ, ಗಡ್ಡ ಕೆರೆದುಕೊಂಡ.

"ಮುಚ್ಚಿಸ್ಬಿಡಮ್ಮಾ," ಎಂದ. "ಪೈಪು ಇವತ್ತೇ ಸರಿ ಮಾಡ್ಸಾಣ. ನಾಳಿದ್ದು ಆ ಆಫೀಸರ್ ಬಂದು ಕೊಟ್ಟು ಓಗ್ತಾನೆ. ಮುದುಕಿ ಎಂಗೂ ರುಜು ಆಕವ್ಳೆ, ತಮ್ಮನ ಮನೆ ಐತೆ, ಓಯ್ತಾಳೆ. ನಿನ್ನ ಪೈಪು ಅಂತ ಬರ್ದ್ರೆ ನಿನ್ನ ಎಸ್ರೂ ಓಯ್ತು, ನಮ್ ಸರ್ಟಿಫಿಕೇಟೂ ಓಯ್ತು. ಇನ್ನೊಂದ್ ವರ್ಷ ಯಾರು ಕಾಯ್ತಾರೆ?"

ಅವನು ಕೆಟ್ಟವನಲ್ಲ. ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಅದೇ ಭಾರ್ಗವಿಯನ್ನು ಇನ್ನಷ್ಟು ಕಲಕಿತು. ಮಾರನೆಯ ದಿನವೆಲ್ಲ ಅವಳು ಅನ್ನ ಮುಂದಿಟ್ಟುಕೊಂಡೂ ಉಣ್ಣಲಿಲ್ಲ. ಒಂದು ಗಳಿಗೆ ಮುನಿಶಾಮಮ್ಮನಿಗೆ ಬೇರೆಲ್ಲಾದರೂ ಕೆಲಸ ಕೊಡಿಸಿದರಾಯಿತು ಎನಿಸುವುದು. ಮರುಗಳಿಗೆ, ಕೆಲಸ ಕೊಡಿಸಬಹುದು, ಒಳಗಿನ ಚಿಲಕವಿರುವ ಕೋಣೆ ಎಲ್ಲಿಂದ ತರಲಿ ಎನಿಸುವುದು. ಸರಿ ಯಾವುದೆಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಗೊತ್ತಿಲ್ಲದಂತೆ ಇರಲು ಮನಸ್ಸು ಸಾವಿರ ಗೊಂದಲ ಹುಟ್ಟಿಸಿಕೊಳ್ಳುತ್ತದೆ.

ಇಪ್ಪತ್ತೆಂಟರಂದು ರಾಜಗೋಪಾಲ್ ಬಂದರು. ತಾರಸಿ ನೋಡಿದರು, ಮೀಟರು ನೋಡಿದರು, ಕಿಟಕಿಯ ಗಾಳಿಗೆ ಮುಖವೊಡ್ಡಿ ಮೆಚ್ಚಿದರು. ಜಗಲಿಯ ಮೇಜಿನ ಮೇಲೆ ಕಡತ ಬಿಡಿಸಿ, ಪೋಲಾದ ವಿದ್ಯುತ್ತಿಗೆ ಕಾರಣ ಎಂಬ ಕಡೆ ಬೆರಳಿಟ್ಟು, ಇದು ಸರಿಯಾಗಿದೆಯಲ್ಲವೇ ಎಂದು ತಮಿಳಿನಲ್ಲಿ ಕೇಳಿದರು. ಮಲ್ಲಪ್ಪ ಭಾರ್ಗವಿಯ ಮುಖವನ್ನೇ ನೋಡುತ್ತಿದ್ದ. ಮುನಿಶಾಮಮ್ಮ ಎಲ್ಲರಿಗೂ ಮಜ್ಜಿಗೆ ತಂದಿಡುತ್ತಿದ್ದಳು.

"ಇಲ್ಲ ಸಾರ್," ಎಂದಳು ಭಾರ್ಗವಿ. "ತಪ್ಪು ಪೈಪಿನದು. ಪೈಪು ಹಾಕಿಸಿದ್ದು ನಾನು. ಇವರು ಒಂದು ವರ್ಷದಿಂದ ವಾರವಾರವೂ ನೀರಿಲ್ಲ ಅಂತ ಬರೆದಿದ್ದಾರೆ. ನನಗೆ ಓದೋಕೆ ಬರಲಿಲ್ಲ."

ರಾಜಗೋಪಾಲ್ ಕಡತವನ್ನು ಅವಳ ಮುಂದೆ ತಿರುಗಿಸಿಟ್ಟರು. ಆಮೇಲೆ ಪೆನ್ನು ಅವಳ ಕಡೆ ಸರಿಸಿದರು. ಅವಳು ಹಳೆಯ ವಾಕ್ಯ ಹೊಡೆದುಹಾಕಿ, ಪೈಪಿನ ವಿಷಯವನ್ನೂ ತನ್ನ ಹೆಸರನ್ನೂ ಪೂರ್ತಿ ಬರೆದಳು. ಹನ್ನೆರಡು ತಿಂಗಳು ಜೂನ್ ಒಂದರಿಂದ ಮತ್ತೆ ಮೊದಲಾಗುತ್ತದೆ ಎಂದು ಅವರು ಕೆಳಗೆ ಸೇರಿಸಿದರು. ಮಲ್ಲಪ್ಪ ಎದ್ದು ಗೇಟಿನವರೆಗೆ ಹೋಗಿ, ಬೀಡಿ ಹಚ್ಚಿ, ಸೇದದೆ ಎಸೆದು ವಾಪಸು ಬಂದ. "ಆಯ್ತು, ಮುದುಕಿ ಇಲ್ಲೇ ಇರ್ಲಿ," ಎಂದ, ಯಾರ ಮುಖವನ್ನೂ ನೋಡದೆ.

ಎಲ್ಲ ಮುಗಿಯಿತೆಂದು ಭಾರ್ಗವಿ ಅಂದುಕೊಂಡಳು. ಮುಗಿದಿರಲಿಲ್ಲ. ಮುನಿಶಾಮಮ್ಮ ಮಜ್ಜಿಗೆಯ ತಟ್ಟೆ ಕೆಳಗಿಟ್ಟು ಮೇಜಿನ ಹತ್ತಿರ ಬಂದಳು.

"ನಾನು ರುಜು ಆಕಿದ ಕಾಗ್ದ ಯಾವ್ದು?"

ಭಾರ್ಗವಿ ತೆಗೆದು ತೋರಿಸಿದಳು. ಮುನಿಶಾಮಮ್ಮ ಬೆರಳಿಟ್ಟು ಸಾಲು ಸಾಲಾಗಿ ಇಳಿದು, ಕೊನೆಯಲ್ಲಿ ತನ್ನ ಹೆಸರಿನ ಅಕ್ಷರಗಳನ್ನು ಹುಡುಕಿ ನಿಂತಳು.

"ಇದು ಇರೋಗಂಟ ನಾನು ಇಲ್ಲಿ ಇರಾಕಿಲ್ಲ. ಕಿತ್ತಾಕು."

ಕಡತದ ಕಾಗದ ಹರಿಯುವಂತಿಲ್ಲ ಎಂದು ರಾಜಗೋಪಾಲ್ ಹೇಳಲು ಬಾಯಿ ತೆರೆದರು. ಭಾರ್ಗವಿ ಅಷ್ಟರಲ್ಲಿ ಹರಿದಾಗಿತ್ತು. ಹೆಸರಿದ್ದ ತುಂಡನ್ನು ಮುನಿಶಾಮಮ್ಮ ಇಸಕೊಂಡು, ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ತನ್ನ ಕೋಣೆಗೆ ಹೋದಳು. ಬಾಗಿಲು ಮುಚ್ಚಿತು, ಚಿಲಕ ಬಿತ್ತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ತಗಡಿನ ಟ್ರಂಕನ್ನು ಮಂಚದ ಅಡಿಗೆ ತಳ್ಳಿದ ಸದ್ದು ಕೇಳಿಸಿತು.